ಬಿಲ್ ಇದ್ರೆ ಸಾಲದು, ಮಾಲು ಬಂದಿದ್ದಕ್ಕೂ ಸಾಕ್ಷಿ ಬೇಕು: ಜಿಎಸ್‌ಟಿ ಕ್ರೆಡಿಟ್ ಬಗ್ಗೆ ಕೋರ್ಟ್‌ಗಳು ಹೇಳಿದ್ದೇನು?

ಹೋಲ್‌ಸೇಲ್‌ನವರಿಂದ ಮಾಲು ತಂದಾಗಿದೆ. ಬಿಲ್ ಇದೆ. ಜಿಎಸ್‌ಟಿ ಸೇರಿಸಿ ಬ್ಯಾಂಕ್ ಮೂಲಕವೇ ಹಣ ಕೊಟ್ಟಾಗಿದೆ. ಎರಡು ವರ್ಷ ಆದ್ಮೇಲೆ ನೋಟಿಸ್ ಬರುತ್ತೆ: ನಿಮಗೆ ಮಾಲು ಕೊಟ್ಟವರು ಸರ್ಕಾರಕ್ಕೆ ತೆರಿಗೆ ಕಟ್ಟಿಲ್ಲ, ನೀವು ಪಡೆದ ಕ್ರೆಡಿಟ್ ವಾಪಸ್ ಕಟ್ಟಿ. 'ಅವರು ಕಟ್ಟದೇ ಇದ್ರೆ ನಾವ್ಯಾಕೆ ಕಟ್ಬೇಕು?' ಅನ್ನೋದು ಅಂಗಡಿಯವರ ಪ್ರಶ್ನೆ. ಈ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೂ ಹೋಗಿದೆ. ಅದರಲ್ಲಿ ಒಂದು ಕೇಸ್ ಕರ್ನಾಟಕದ್ದೇ.

ಎಷ್ಟು ದುಡ್ಡಿನ ಮಾತು?

ಒಂದು ಉದಾಹರಣೆ ನೋಡಿ. 2 ಲಕ್ಷ ರೂಪಾಯಿಯ ಪೇಂಟ್ ತಂದರೆ ಶೇ. 18ರಂತೆ ಜಿಎಸ್‌ಟಿ 36,000 ರೂ. ಅದನ್ನ 2.30 ಲಕ್ಷಕ್ಕೆ ಮಾರಿದರೆ ಗಿರಾಕಿಗಳಿಂದ ಬರುವ ಜಿಎಸ್‌ಟಿ 41,400 ರೂ. ಮೊದಲೇ ಕೊಟ್ಟ 36,000 ಕಳೆದು ಅಂಗಡಿಯವರು ಕಟ್ಟೋದು 5,400 ರೂ. ಮಾತ್ರ. ಹೀಗೆ ಕಳೆದುಕೊಳ್ಳುವ ಮೊತ್ತವೇ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್. ಅದು ರದ್ದಾದರೆ 36,000 ಮತ್ತೆ ಕೈಯಿಂದ ಕಟ್ಟಬೇಕು. ವರ್ಷಕ್ಕೆ ಶೇ. 18 ಬಡ್ಡಿ ಬೇರೆ, ದಂಡವೂ ಬೀಳಬಹುದು. ಆ ಮಾಲಿನಲ್ಲಿ ಸಿಕ್ಕ ಲಾಭವೇ 30,000!

ಕಾಂಪೋಸಿಷನ್ ಸ್ಕೀಂನಲ್ಲಿ ಇರೋರಿಗೆ ಈ ಕ್ರೆಡಿಟ್ ಇಲ್ಲ, ಹಾಗಾಗಿ ಈ ತಲೆನೋವೂ ಇಲ್ಲ.

ಕಾಫಿ ಬೀಜದ ಕೇಸ್

ಈಕಾಂ ಗಿಲ್ ಕಾಫಿ ಟ್ರೇಡಿಂಗ್ ಕಂಪನಿ ಬೇರೆ ವ್ಯಾಪಾರಿಗಳಿಂದ ಕಾಫಿ ಬೀಜ ಖರೀದಿಸಿ, ಆಗಿನ ಕರ್ನಾಟಕ ವ್ಯಾಟ್ ಕಾಯ್ದೆಯಲ್ಲಿ ಕ್ರೆಡಿಟ್ ಪಡೆದಿತ್ತು. ಈ ಖರೀದಿಯೇ ಅನುಮಾನ ಅಂತ ಅಧಿಕಾರಿಗಳು ಕ್ರೆಡಿಟ್ ಕೊಡಲಿಲ್ಲ. ಹೈಕೋರ್ಟ್‌ನಲ್ಲಿ ಕಂಪನಿ ಗೆದ್ದಿತು. ಸರ್ಕಾರ ಸುಪ್ರೀಂ ಕೋರ್ಟ್‌ಗೆ ಹೋಯ್ತು. 2023ರ ಮಾರ್ಚ್ 13ರಂದು ತೀರ್ಪು ಸರ್ಕಾರದ ಪರ ಬಂತು.

ಬಿಲ್ ತೋರಿಸಿ, ಚೆಕ್‌ನಲ್ಲಿ ಹಣ ಕೊಟ್ಟಿದ್ದು ತೋರಿಸಿದರೆ ಸಾಲದು, ಮಾಲು ನಿಜವಾಗಿ ಕೈ ಸೇರಿದೆ ಅಂತಲೂ ತೋರಿಸಬೇಕು ಅಂತ ಕೋರ್ಟ್ ಹೇಳಿತು. ಸಾಬೀತು ಮಾಡುವ ಹೊಣೆ ಕ್ರೆಡಿಟ್ ಕೇಳುವವರದ್ದೇ. ವ್ಯಾಟ್ ಹೋಗಿ ಜಿಎಸ್‌ಟಿ ಬಂದರೂ ಈ ಹೊಣೆ ಬದಲಾಗಿಲ್ಲ. ಜಿಎಸ್‌ಟಿ ಕಾಯ್ದೆಯ 155ನೇ ಸೆಕ್ಷನ್ ಅದನ್ನೇ ಹೇಳುತ್ತೆ.

ಪ್ರಾಮಾಣಿಕರಿಗೆ ರಕ್ಷಣೆಯೂ ಇದೆ

ದೆಹಲಿಯ ಶಾಂತಿ ಕಿರಣ್ ಇಂಡಿಯಾ ಕೇಸ್‌ನಲ್ಲಿ 2025ರ ಅಕ್ಟೋಬರ್ 9ರಂದು ಸುಪ್ರೀಂ ಕೋರ್ಟ್ ಖರೀದಿದಾರರ ಪರ ತೀರ್ಪು ಕೊಟ್ಟಿತು. ಅಲ್ಲಿ ಖರೀದಿ ಮಾಡಿದಾಗ ಮಾರಾಟಗಾರರ ನೋಂದಣಿ ಚಾಲ್ತಿಯಲ್ಲಿತ್ತು, ಆಮೇಲೆ ರದ್ದಾಯ್ತು. ತೆರಿಗೆ ಕಟ್ಟದೇ ಇದ್ದದ್ದು ಮಾರಾಟಗಾರರು. ಖರೀದಿ, ಬಿಲ್‌ಗಳ ಬಗ್ಗೆ ಅನುಮಾನ ಇರಲಿಲ್ಲ. ಹಾಗಾಗಿ ಖರೀದಿದಾರರಿಗೆ ಕ್ರೆಡಿಟ್ ಉಳಿಯಿತು. ಆದರೆ ಇದು ದೆಹಲಿ ವ್ಯಾಟ್ ಕಾಯ್ದೆಯ ಕೇಸ್ ಅನ್ನೋದು ನೆನಪಿರಲಿ.

ಜಿಎಸ್‌ಟಿಯಲ್ಲಿ ಸನ್‌ಕ್ರಾಫ್ಟ್ ಎನರ್ಜಿ ಕೇಸ್ ಇದೆ. ಇಲಾಖೆ ಮೊದಲು ಮಾರಾಟಗಾರರ ಮೇಲೆ ಕ್ರಮ ತಗೋಬೇಕು, ವಿಶೇಷ ಸಂದರ್ಭ ಬಿಟ್ಟು ನೇರವಾಗಿ ಖರೀದಿದಾರರ ಕೊರಳಿಗೆ ಬೀಳುವಂತಿಲ್ಲ ಅಂತ ಕಲ್ಕತ್ತಾ ಹೈಕೋರ್ಟ್ 2023ರ ಆಗಸ್ಟ್‌ನಲ್ಲಿ ಹೇಳಿತು. ಇನ್ನೊಂದು ಕಡೆ, ಮಾರಾಟಗಾರರು ತೆರಿಗೆ ಕಟ್ಟಿದ್ದರೆ ಮಾತ್ರ ಕ್ರೆಡಿಟ್ ಎನ್ನುವ 16(2)(ಸಿ) ನಿಯಮ ಸರಿಯಾಗೇ ಇದೆ ಅಂತ ಕೇರಳ ಹೈಕೋರ್ಟ್ 2024ರ ಜೂನ್‌ನಲ್ಲಿ ತೀರ್ಪು ಕೊಟ್ಟಿದೆ. ಅಂದ್ರೆ ಹೈಕೋರ್ಟ್‌ಗಳು ಒಂದೇ ದಾರೀಲಿ ಇಲ್ಲ. ಎಲ್ಲಾ ಕಡೆ ಕೆಲಸಕ್ಕೆ ಬರೋದು ಗಟ್ಟಿ ದಾಖಲೆ.

ಏನೇನು ಇಟ್ಕೋಬೇಕು?

ಕಾಫಿ ಕೇಸ್‌ನಲ್ಲಿ ಕೋರ್ಟ್ ಹೇಳಿದ ಪಟ್ಟಿಯೇ ಅಂಗಡಿಯವರಿಗೆ ಚೆಕ್‌ಲಿಸ್ಟ್:

• ಮಾರಿದವರ ಹೆಸರು, ವಿಳಾಸ
• ಮಾಲು ತಂದ ಗಾಡಿಯ ವಿವರ
• ಲಾರಿ ಬಾಡಿಗೆ ಕೊಟ್ಟ ರಸೀದಿ
• ಮಾಲು ಮುಟ್ಟಿದೆ ಅಂತ ಸಹಿ ಮಾಡಿದ ಚೀಟಿ
• ಟ್ಯಾಕ್ಸ್ ಬಿಲ್, ಹಣ ಕೊಟ್ಟ ದಾಖಲೆ

50,000 ರೂ. ಮೀರಿದ ಮಾಲಿಗೆ ಇ-ವೇ ಬಿಲ್ ಬರುತ್ತೆ, ಅದರ ಪ್ರತಿಯನ್ನೂ ಬಿಲ್ ಜೊತೆಗೇ ಪಿನ್ ಮಾಡಿ. ಹೊಸ ಪಾರ್ಟಿಯಿಂದ ಮಾಲು ತರುವ ಮುಂಚೆ ಪೋರ್ಟಲ್‌ನಲ್ಲಿ ಅವರ ಜಿಎಸ್‌ಟಿ ನಂಬರ್ ಹಾಕಿ, ನೋಂದಣಿ ಚಾಲ್ತಿಯಲ್ಲಿದೆಯಾ ನೋಡಿ, ಆ ದಿನದ ಸ್ಕ್ರೀನ್‌ಶಾಟ್ ತೆಗೆದಿಡಿ. ಈ ದಾಖಲೆಗಳನ್ನ ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೇ ದಿನದಿಂದ 72 ತಿಂಗಳು ಇಟ್ಕೊಳ್ಳಬೇಕು.

ಇನ್ನೊಂದು ನಿಯಮ 37ಎ. ಬಿಲ್ 2ಬಿಯಲ್ಲಿ ಕಾಣಿಸಿದರೂ, ಆ ಹಣಕಾಸು ವರ್ಷ ಮುಗಿದ ಮೇಲೆ ಬರುವ ಸೆಪ್ಟೆಂಬರ್ 30ರೊಳಗೆ ಮಾರಾಟಗಾರರು 3ಬಿ ರಿಟರ್ನ್ ಹಾಕದಿದ್ದರೆ, ಖರೀದಿದಾರರು ನವೆಂಬರ್ 30ರೊಳಗೆ ಕ್ರೆಡಿಟ್ ಹಿಂದಿರುಗಿಸಬೇಕು. ಅವರು ಆಮೇಲೆ ರಿಟರ್ನ್ ಹಾಕಿದರೆ ಮತ್ತೆ ಪಡೀಬಹುದು. ಅದಕ್ಕೇ ಅಕ್ಟೋಬರ್‌ನಲ್ಲಿ ಒಂದ್ಸಲ ಆಡಿಟರ್ ಹತ್ರ ಕೂತು ಪಟ್ಟಿ ತಾಳೆ ನೋಡೋದು ಒಳ್ಳೇದು.

ನೋಟಿಸ್ ಬಂದ್ರೆ?

ನೋಟಿಸ್ ಪೋಸ್ಟ್‌ನಲ್ಲೇ ಬರುತ್ತೆ ಅಂತ ಕಾಯಬೇಡಿ, ಪೋರ್ಟಲ್‌ಗೆ ಹಾಕಿದರೂ ಸಾಕು. ವಾರಕ್ಕೊಮ್ಮೆ ಲಾಗಿನ್ ಆಗಿ ನೋಡಿ. ಉತ್ತರ ಕೊಡದಿದ್ದರೆ ನಿಮ್ಮ ಮಾತು ಕೇಳದೇನೇ ಆದೇಶ ಆಗಬಹುದು. ಆದೇಶ ವಿರುದ್ಧ ಬಂದರೆ 3 ತಿಂಗಳೊಳಗೆ ಮೇಲ್ಮನವಿ ಹಾಕಬಹುದು, ಅದಕ್ಕೆ ವಿವಾದದ ತೆರಿಗೆಯ ಶೇ. 10 ಮೊದಲೇ ಕಟ್ಟಬೇಕು. ಮೇಲಿನ ಉದಾಹರಣೆಯಲ್ಲಾದರೆ 3,600 ರೂ. ಅಲ್ಲಿಗೆ ಹೋದಾಗಲೂ ಮೊದಲು ಕೇಳೋದು ಆ ಲಾರಿ ಬಾಡಿಗೆ ರಸೀದಿ, ಮಾಲು ಮುಟ್ಟಿದ ಚೀಟಿಯನ್ನೇ.