ಮನೆಯ ವೈಫೈ ನರ್ಸರಿ ತನಕ: ಬ್ರಿಡ್ಜ್ ಸೆಟ್ಟಿಂಗ್‌ನಲ್ಲಿ ನಾನು ಎಡವಿದ್ದು

ಕಳೆದ ಮಾರ್ಚಿನಲ್ಲಿ ನನ್ನ ಕಾಳುಮೆಣಸಿನ ನರ್ಸರಿಯಲ್ಲಿ ಆಗಷ್ಟೇ ಚಿಗುರಿದ್ದ ಎರಡು ಸಾಲು ಸಸಿ ಬಾಡಿಹೋದವು. ನೀರಿತ್ತು, ಕರೆಂಟಿತ್ತು. ಮನೆಯಿಂದ ಮೊಬೈಲಲ್ಲಿ ಮಿಸ್ಟ್ ಆನ್ ಮಾಡೋಣ ಅಂದ್ರೆ ಕಂಟ್ರೋಲರ್ 'ಆಫ್‌ಲೈನ್'. ನರ್ಸರಿಗೆ ಹೋಗಿ ನೋಡಿದರೆ ಅಲ್ಲಿ ಯೂಟ್ಯೂಬ್ ಸಲೀಸಾಗಿ ಓಡ್ತಿದೆ! ಕಂಟ್ರೋಲರ್ರೇ ಕೆಟ್ಟಿದೆ ಅಂತ ಬಿಚ್ಚಿ ಪೇಟೆಗೆ ಒಯ್ದೆ. ಎರಡು ದಿನ ಹೋಯ್ತು. ಬಕೆಟಲ್ಲಿ ಹೊತ್ತು ಹಾಕಿದ ನೀರು ಸಾಲಲಿಲ್ಲ.

ತಪ್ಪು ಇದ್ದದ್ದು ನಾನೇ ಕೂರಿಸಿದ ವೈರ್‌ಲೆಸ್ ಬ್ರಿಡ್ಜಿನಲ್ಲಿ. ಮನೆ ಮಾಡಿನ ಮೇಲೊಂದು, ನರ್ಸರಿ ಕಂಬದ ಮೇಲೊಂದು ಡಬ್ಬಿ. ನರ್ಸರಿ ಕಡೆಯದನ್ನು 'ರೌಟರ್' ಮೋಡ್‌ನಲ್ಲೇ ಬಿಟ್ಟಿದ್ದೆ. ಅದು ತನ್ನದೇ ಬೇರೆ ಜಾಲ ಕಟ್ಟಿಕೊಂಡಿತ್ತು: ಮನೆಯಲ್ಲಿ 192.168.1 ಸಾಲಿನ ವಿಳಾಸ, ನರ್ಸರಿಯಲ್ಲಿ 192.168.0 ಸಾಲಿನದು. ನರ್ಸರಿಯಿಂದ ಇಂಟರ್ನೆಟ್‌ಗೆ ದಾರಿಯಿತ್ತು, ಮನೆಯ ಮೊಬೈಲಿನಿಂದ ಕಂಟ್ರೋಲರ್‌ಗೆ ಇರಲಿಲ್ಲ.

ನಮ್ಮ ಕಡೆ ಹಳ್ಳಕ್ಕೆ ಅಡಿಕೆ ಮರದ ಸಂಕ ಹಾಕ್ತೀವಲ್ಲ, ಬ್ರಿಡ್ಜ್ ಅಂದ್ರೆ ಅಷ್ಟೇ. ಸಂಕ ಜನರನ್ನು ದಾಟಿಸುತ್ತೆ, ಮನೆ ನಂಬರ್ ಹಂಚೋದಿಲ್ಲ. ನಂಬರ್ ಹಂಚುವ ಕೆಲಸಕ್ಕೆ ಡಿಎಚ್‌ಸಿಪಿ ಅಂತಾರೆ. ಅದು ಮನೆಯ ರೌಟರ್ ಒಂದಕ್ಕೇ ಇರಲಿ.

ಡಬ್ಬಿಗಳನ್ನು ಕಂಬಕ್ಕೆ ಏರಿಸುವ ಮೊದಲು ಮೇಜಿನ ಮೇಲೇ ಸೆಟ್ ಮಾಡಿ. ಮನೆ ಕಡೆಯದು 'ಆಕ್ಸೆಸ್ ಪಾಯಿಂಟ್', ನರ್ಸರಿ ಕಡೆಯದು 'ಕ್ಲೈಂಟ್' (ಕೆಲವು ಕಂಪನಿಯವರು 'ಸ್ಟೇಷನ್' ಅಂತಾರೆ). ಎರಡರಲ್ಲೂ ನೆಟ್‌ವರ್ಕ್ ಮೋಡ್ 'ಬ್ರಿಡ್ಜ್', ಡಿಎಚ್‌ಸಿಪಿ ಆಫ್. ರೌಟರ್ 192.168.1.1 ಆಗಿದ್ದರೆ ಡಬ್ಬಿಗಳಿಗೆ 192.168.1.2 ಮತ್ತು 192.168.1.3 ಕೊಡಿ. ರೌಟರ್ ಇದೇ ನಂಬರನ್ನು ಬೇರೆಯವಕ್ಕೆ ಕೊಡದಂತೆ ಅದರ ಹಂಚಿಕೆಯನ್ನು 100ರಿಂದ ಶುರು ಮಾಡಿಸಿ. ವಿಳಾಸ ಬದಲಿಸಿದ ಕೂಡಲೇ ಹಳೆ ನಂಬರಲ್ಲಿ ಪೇಜ್ ತೆರೆಯಲ್ಲ. ಗಾಬರಿಯಾಗ್ಬೇಡಿ, ಹೊಸ ನಂಬರ್ ಟೈಪ್ ಮಾಡಿ. ಅದನ್ನು ಡಬ್ಬಿ ಮೇಲೇ ಬರೆದಿಡಿ.

ನರ್ಸರಿಯಲ್ಲಿ ವೈಫೈ ಹರಡೋಕೆ ಹಳೇ ರೌಟರ್ ಬಳಸ್ತೀರಾ? ಅದರಲ್ಲೂ ಡಿಎಚ್‌ಸಿಪಿ ಆಫ್ ಮಾಡಿ, 192.168.1.4 ಕೊಟ್ಟು, ಕೇಬಲನ್ನು 'ವ್ಯಾನ್' ತೂತಿಗಲ್ಲ, 'ಲ್ಯಾನ್' ತೂತಿಗೆ ಚುಚ್ಚಿ.

ಕೊನೆಗೆ ಪರೀಕ್ಷೆ. ಯೂಟ್ಯೂಬ್ ನೋಡಿ ನಂಬಬೇಡಿ, ನಾನು ಮೋಸಹೋದದ್ದೇ ಅಲ್ಲಿ. ನರ್ಸರಿಯಲ್ಲಿ ನಿಂತು ಮೊಬೈಲಿನ ವೈಫೈ ವಿವರದಲ್ಲಿ ಐಪಿ ನೋಡಿ. 192.168.1 ಅಂತ ಶುರುವಾದರೆ ಸಂಕ ಸರಿಯಾಗಿದೆ.

ಇಷ್ಟಾಗಿಯೂ ಮಳೆಗಾಲದಲ್ಲಿ ಸಿಗ್ನಲ್ ಬಿದ್ದರೆ ಸೆಟ್ಟಿಂಗ್ ಕೆದಕಬೇಡಿ. ಎರಡು ಡಬ್ಬಿಗಳ ನಡುವೆ ಒದ್ದೆ ಸೋಗೆ ಅಡ್ಡ ಬಂದಿದೆಯಾ ನೋಡಿ, ಕತ್ತಿ ತಗೊಳ್ಳಿ.