‘ಆದಾಯ’ ಎಂದರೆ ಯಾವುದು? ಮೊಬೈಲ್ ಉದ್ಯಮವನ್ನು ಅಲುಗಿಸಿದ ಒಂದು ವ್ಯಾಖ್ಯೆ

ಭಾರತದಲ್ಲಿ ಮೊಬೈಲ್ ಸೇವೆ 1995ರ ಜುಲೈ 31ರಂದು ಆರಂಭವಾದಾಗ ಕರೆಯ ದರ ನಿಮಿಷಕ್ಕೆ ಹದಿನಾರು ರೂಪಾಯಿಯವರೆಗೂ ಇತ್ತು. ಒಳಬರುವ ಕರೆಗೂ ಹಣ ತೆರಬೇಕಿತ್ತು. ಮುಂದೆ ದರ ಪೈಸೆಗಳಿಗೆ ಇಳಿಯಿತು, ಕೆಲವು ವಲಯಗಳಲ್ಲಿ ಹತ್ತಕ್ಕೂ ಹೆಚ್ಚು ಕಂಪನಿಗಳು ಪೈಪೋಟಿಗಿಳಿದವು. ಇಂದು ಉಳಿದಿರುವುದು ಮೂರು ಖಾಸಗಿ ಕಂಪನಿಗಳು ಮತ್ತು ಬಿ.ಎಸ್.ಎನ್.ಎಲ್. ಮಾತ್ರ. 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ 122 ಪರವಾನಗಿಗಳನ್ನು ರದ್ದುಪಡಿಸಿದ್ದು, ತರಂಗಾಂತರ ಖರೀದಿಗೆ ಮಾಡಿದ ಸಾಲ, 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಪ್ರವೇಶದೊಂದಿಗೆ ತೊಡಗಿದ ದರ ಸಮರ, ಇವೆಲ್ಲ ಬಲ್ಲ ಕಾರಣಗಳೇ. ಆದರೆ ಲೆಕ್ಕಪತ್ರ ಬಲ್ಲವರ ಗಮನ ಸೆಳೆಯಬೇಕಾದ ಕಾರಣ ಬೇರೆ. ಅದು ಪರವಾನಗಿ ಒಪ್ಪಂದದಲ್ಲಿದ್ದ ಒಂದು ವ್ಯಾಖ್ಯೆ.

1994ರ ನೀತಿಯಡಿ ಕಂಪನಿಗಳು ನಿಗದಿತ ಶುಲ್ಕ ತೆರಬೇಕಿತ್ತು. ಹರಾಜಿನ ಹುರುಪಿನಲ್ಲಿ ಕೂಗಿದ ಮೊತ್ತವನ್ನು ಕಟ್ಟಲಾಗದೆ ಅವು ಕಂಗೆಟ್ಟಾಗ, 1999ರ ಹೊಸ ನೀತಿಯು ನಿಗದಿತ ಶುಲ್ಕದ ಬದಲು ಆದಾಯದಲ್ಲಿ ಪಾಲು ನೀಡುವ ಪದ್ಧತಿಯನ್ನು ತಂದಿತು. ಪಾಲನ್ನು ಲೆಕ್ಕಹಾಕಬೇಕಾದದ್ದು ‘ಹೊಂದಾಣಿಕೆ ಮಾಡಿದ ಒಟ್ಟು ಆದಾಯ’ದ ಮೇಲೆ; ಎಜಿಆರ್ ಎಂಬ ಮೂರಕ್ಷರದಿಂದ ಅದು ಮುಂದೆ ಮನೆಮಾತಾಯಿತು. ಕಂಪನಿಗಳು ಈ ರಿಯಾಯಿತಿಯನ್ನು ಸಂತೋಷದಿಂದಲೇ ಒಪ್ಪಿ ಸಹಿ ಹಾಕಿದವು.

ಜಗಳ ಹುಟ್ಟಿದ್ದು ಅನಂತರ. ಠೇವಣಿಯ ಬಡ್ಡಿ, ಲಾಭಾಂಶ, ಕಟ್ಟಡದ ಬಾಡಿಗೆ, ಹಳೆಯ ಆಸ್ತಿ ಮಾರಿ ಬಂದ ಲಾಭ, ವಿದೇಶಿ ವಿನಿಮಯದ ಗಳಿಕೆ ಇವೆಲ್ಲವೂ ಆದಾಯವೇ ಎಂದಿತು ದೂರಸಂಪರ್ಕ ಇಲಾಖೆ. ದೂರಸಂಪರ್ಕ ಸೇವೆಯಿಂದ ಬಂದದ್ದಷ್ಟೇ ಆದಾಯ ಎಂದವು ಕಂಪನಿಗಳು. ಕೊಟ್ಟ ರಿಯಾಯಿತಿಯನ್ನೂ ವಸೂಲಾಗದ ಬಾಕಿಯನ್ನೂ ಕಳೆಯುವಂತಿಲ್ಲ ಎಂಬುದು ಇಲಾಖೆಯ ಇನ್ನೊಂದು ಪಟ್ಟು. ನೂರು ರೂಪಾಯಿಯ ಸರಕಿಗೆ ಐದು ರೂಪಾಯಿ ಬಿಟ್ಟು ಮಾರಿದ ವರ್ತಕನಿಗೆ ನೂರರ ಮೇಲೆಯೇ ಪಾಲು ಕೊಡು ಎಂದಂತೆ!

ಅಸಲಿಗಿಂತ ಬಡ್ಡಿ ಭಾರ

ದೂರಸಂಪರ್ಕ ವ್ಯಾಜ್ಯಗಳ ನ್ಯಾಯಮಂಡಳಿಯು 2015ರಲ್ಲಿ ಬಹುಮಟ್ಟಿಗೆ ಕಂಪನಿಗಳ ಪರವಾಗಿ ತೀರ್ಪು ನೀಡಿತ್ತು. 2019ರ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟ್ ಇಲಾಖೆಯ ವ್ಯಾಖ್ಯೆಯನ್ನೇ ಎತ್ತಿಹಿಡಿಯಿತು. ಪರವಾನಗಿ ಶುಲ್ಕದ ಬಾಬ್ತಿನಲ್ಲಿ ಇಲಾಖೆ ಮುಂದಿಟ್ಟ ಬೇಡಿಕೆ ಸುಮಾರು 92,600 ಕೋಟಿ ರೂಪಾಯಿ. ಅದರಲ್ಲಿ ಅಸಲು ಸುಮಾರು 23,200 ಕೋಟಿ ಮಾತ್ರ. ಬಡ್ಡಿ 41,650 ಕೋಟಿ, ದಂಡ 10,900 ಕೋಟಿ, ದಂಡದ ಮೇಲಿನ ಬಡ್ಡಿ 16,900 ಕೋಟಿ. ಮುಕ್ಕಾಲು ಪಾಲು ಹೊರೆ ವಿಳಂಬದಿಂದ ಬೆಳೆದದ್ದು, ಅದೂ ತಿಂಗಳ ಚಕ್ರಬಡ್ಡಿಯಲ್ಲಿ. ತರಂಗಾಂತರ ಬಳಕೆ ಶುಲ್ಕವೂ ಸೇರಿ ಒಟ್ಟು ಬಾಕಿ 1.47 ಲಕ್ಷ ಕೋಟಿ ಮುಟ್ಟಿತು.

ವ್ಯಾಜ್ಯ ನಡೆದಷ್ಟು ವರ್ಷವೂ ಈ ಮೊತ್ತದ ಬಹುಭಾಗ ಕಂಪನಿಗಳ ಲಾಭ–ನಷ್ಟ ಖಾತೆಯನ್ನು ಪ್ರವೇಶಿಸಲಿಲ್ಲ. ‘ಸಂಭಾವ್ಯ ಹೊಣೆಗಾರಿಕೆ’ ಎಂಬ ಶೀರ್ಷಿಕೆಯಡಿ ಆಢಾವೆ ಪತ್ರಿಕೆಯ ಟಿಪ್ಪಣಿಗಳಲ್ಲಿ ಅಡಗಿತ್ತು. ನಿಯಮದ ಪ್ರಕಾರ ಅದು ತಪ್ಪಲ್ಲ; ಟಿಪ್ಪಣಿ ಓದುವ ವ್ಯವಧಾನ ಹೂಡಿಕೆದಾರರಿಗಾಗಲೀ ಸಾಲ ಕೊಟ್ಟವರಿಗಾಗಲೀ ಇರಲಿಲ್ಲ ಅಷ್ಟೆ. ತೀರ್ಪಿಗೆ ತುಸು ಮೊದಲು ಮುಗಿದಿದ್ದ ತ್ರೈಮಾಸಿಕಕ್ಕೆ ವೊಡಾಫೋನ್ ಐಡಿಯಾ ತೋರಿಸಿದ ನಷ್ಟ 50,921 ಕೋಟಿ ರೂಪಾಯಿ. ಭಾರತದ ಕಂಪನಿಯೊಂದು ಅಲ್ಲಿಯವರೆಗೆ ಕಂಡರಿಯದ ಮೊತ್ತ.

ಇಲಾಖೆಯ ಉತ್ಸಾಹ ಅಲ್ಲಿಗೇ ನಿಲ್ಲಲಿಲ್ಲ. ಅದೇ ತೀರ್ಪಿನ ಬಲದಿಂದ ಗೇಲ್, ಪವರ್‌ಗ್ರಿಡ್, ಆಯಿಲ್ ಇಂಡಿಯಾದಂಥ ಸಾರ್ವಜನಿಕ ಉದ್ಯಮಗಳಿಂದಲೂ ಸುಮಾರು 4 ಲಕ್ಷ ಕೋಟಿ ಕೇಳಿತು. ಅನಿಲ, ವಿದ್ಯುತ್, ತೈಲಗಳ ವಹಿವಾಟಿಗೆ ದೂರಸಂಪರ್ಕ ಶುಲ್ಕವೇ? 2020ರ ಜೂನ್‌ನಲ್ಲಿ ನ್ಯಾಯಾಲಯ ಗದರಿದ ಮೇಲೆ ಬೇಡಿಕೆಯ ಶೇ. 96ರಷ್ಟನ್ನು ಇಲಾಖೆ ಹಿಂತೆಗೆದುಕೊಂಡಿತು.

ವಿತರಕರ ಪಾಲಿನ ತೀರ್ಪು

ಸಿಮ್ ಮತ್ತು ರೀಚಾರ್ಜ್ ವಿತರಕರು ಅರಿತಿರಬೇಕಾದ ಇನ್ನೊಂದು ವ್ಯಾಜ್ಯವುಂಟು. ವಿತರಕನಿಗೆ ಕಂಪನಿ ಬಿಡುವ ರಿಯಾಯಿತಿ ಕಮಿಷನ್ ಆಗಿದ್ದು, ಅದಕ್ಕೆ ಆದಾಯ ತೆರಿಗೆ ಕಾಯ್ದೆ 1961ರ 194ಎಚ್ ಕಲಮಿನಡಿ ಮೂಲದಲ್ಲೇ ತೆರಿಗೆ ಕಡಿತವಾಗಬೇಕು ಎಂದು ಆದಾಯ ತೆರಿಗೆ ಇಲಾಖೆ ವಾದಿಸುತ್ತಿತ್ತು. 2024ರ ಫೆಬ್ರವರಿ 28ರಂದು ಸುಪ್ರೀಂ ಕೋರ್ಟ್ ಈ ವಾದವನ್ನು ತಳ್ಳಿಹಾಕಿತು. ವಿತರಕ ಗಳಿಸುವುದು ತನ್ನ ಗಿರಾಕಿಯಿಂದ. ಆ ಹಣ ಕಂಪನಿಯ ಕೈಯಿಂದ ಬರುವುದೇ ಇಲ್ಲವಾದ್ದರಿಂದ ಕಡಿತದ ಪ್ರಶ್ನೆ ಏಳದು. ಸಣ್ಣ ಬಂಡವಾಳದ ವಿತರಕನಿಗೆ ಕಡಿತವಾದ ತೆರಿಗೆಯ ಮರುಪಾವತಿಗಾಗಿ ಕಾಯುವುದೆಂದರೆ ದುಡಿಮೆಯ ಬಂಡವಾಳವೇ ಸಿಕ್ಕಿಬೀಳುವುದೆಂದು ಅರ್ಥ.

ಇತ್ತ ಎಜಿಆರ್ ಬಾಕಿಯನ್ನು ಹತ್ತು ವರ್ಷಗಳ ಕಂತಿನಲ್ಲಿ ತೀರಿಸಲು 2020ರ ಸೆಪ್ಟೆಂಬರ್ 1ರಂದು ನ್ಯಾಯಾಲಯ ಅವಕಾಶ ನೀಡಿತು. ಮರುವರ್ಷ ಕೇಂದ್ರ ಸರ್ಕಾರವು ದೂರಸಂಪರ್ಕೇತರ ಆದಾಯವನ್ನು ವ್ಯಾಖ್ಯೆಯಿಂದ ಕೈಬಿಟ್ಟಿತು, ಆದರೆ ಮುಂದಿನ ವರ್ಷಗಳಿಗೆ ಮಾತ್ರ. ಕಂಪನಿಗಳು ಮೊದಲಿನಿಂದ ಹೇಳುತ್ತಿದ್ದುದನ್ನೇ ಸರ್ಕಾರ ಕೊನೆಗೆ ಒಪ್ಪಿತೆಂದಾಯಿತು. ಹಳೆಯ ಬಾಕಿ ಮಾತ್ರ ಹಾಗೆಯೇ ಉಳಿಯಿತು. ವೊಡಾಫೋನ್ ಐಡಿಯಾದಿಂದ ಬರಬೇಕಾದ ಹಣದಲ್ಲಿ 16,133 ಕೋಟಿಯನ್ನು 2023ರಲ್ಲಿ, 36,950 ಕೋಟಿಯನ್ನು 2025ರಲ್ಲಿ ಸರ್ಕಾರ ಷೇರುಗಳಾಗಿ ಪರಿವರ್ತಿಸಿಕೊಂಡು ಸುಮಾರು ಶೇ. 49ರ ಒಡೆತನ ಪಡೆಯಿತು. ಪರವಾನಗಿ ಕೊಡುವವನು, ಸಾಲಿಗ, ಪಾಲುದಾರ, ಬಿ.ಎಸ್.ಎನ್.ಎಲ್. ಮೂಲಕ ಪ್ರತಿಸ್ಪರ್ಧಿ ಹೀಗೆ ನಾಲ್ಕು ಪಾತ್ರ ಒಬ್ಬನದೇ.

ಪೈಪೋಟಿ ಕುಗ್ಗಿದ ಪರಿಣಾಮ ಅಂಗಡಿ–ಕಾರ್ಖಾನೆಗಳ ಖರ್ಚಿನ ಪುಸ್ತಕದಲ್ಲಿ ಕಾಣುತ್ತಿದೆ. 2019ರ ಡಿಸೆಂಬರ್, 2021ರ ನವೆಂಬರ್–ಡಿಸೆಂಬರ್ ಮತ್ತು 2024ರ ಜುಲೈನಲ್ಲಿ ಮೂರೂ ಖಾಸಗಿ ಕಂಪನಿಗಳು ಕೆಲವೇ ದಿನಗಳ ಅಂತರದಲ್ಲಿ ದರ ಏರಿಸಿದವು. ಕೊನೆಯ ಏರಿಕೆಯ ಬಳಿಕ ಬಿ.ಎಸ್.ಎನ್.ಎಲ್. ಕೆಲವು ತಿಂಗಳು ಹೊಸ ಗ್ರಾಹಕರನ್ನು ಗಳಿಸಿತಾದರೂ ಉಳಿಸಿಕೊಳ್ಳಲು ಅದರ ಬಳಿ ತಕ್ಕ ಜಾಲವಿರಲಿಲ್ಲ. ಅದರ ಸ್ವದೇಶಿ 4ಜಿ ಜಾಲ ಲೋಕಾರ್ಪಣೆಯಾದದ್ದು 2025ರ ಸೆಪ್ಟೆಂಬರ್ 27ರಂದು. ದೇಶದಲ್ಲಿ 5ಜಿ ಆರಂಭವಾಗಿ ಆಗಲೇ ಮೂರು ವರ್ಷ ತುಂಬುತ್ತ ಬಂದಿತ್ತು.