ರಾತ್ರಿ ಹೊಲದಲ್ಲಿ ಕೇಳಿಬರುವ ಸದ್ದುಗಳು

ಹಿಂಗಾರಿ ಜೋಳ ಕೊಯ್ಲಾದ ಮೇಲೆ ರಾಶಿ ಮುಗಿಯುವವರೆಗೆ ಕಣದಲ್ಲಿಯೇ ಮಲಗುವುದು ಕುರ್ಡಿ ಸುತ್ತಿನ ಹಳ್ಳಿಗಳಲ್ಲಿ ಹಳೆಯ ವಾಡಿಕೆ. ಮಾನ್ವಿ ತಾಲೂಕಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುವ ಕಡೆ ಭತ್ತದ ಗದ್ದೆಗೆ ರಾತ್ರಿ ನೀರು ಹಾಯಿಸುವವರಿದ್ದಾರೆ. ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ತರುಬುವವರೂ ಇದ್ದಾರೆ. ಇವರ ಕಿವಿಗೆ ಬೀಳುವ ಸದ್ದುಗಳಲ್ಲಿ ಎದೆ ನಡುಗಿಸುವಂಥವು ಬಹುಮಟ್ಟಿಗೆ ನಿರುಪದ್ರವಿ. ಪ್ರಾಣಕ್ಕೆ ಎರವಾಗುವ ಸದ್ದು ಬಲು ಸಣ್ಣದು.

ಮೊದಲು ದೊಡ್ಡ ಸದ್ದು. ಮುಸ್ಸಂಜೆಯಲ್ಲಿ ಒಂದು ನರಿ ಊಳಿಟ್ಟರೆ ಉಳಿದವು ಕೂಡಲೇ ದನಿಗೂಡಿಸುತ್ತವೆ. ತೋಳದ ಕೂಗು ಹಾಗಲ್ಲ. ಒಂದೇ ಎಳೆಯಾಗಿ ದೀರ್ಘವಾಗಿರುತ್ತದೆ. ಅದು ಕೇಳಿದ ರಾತ್ರಿ ಕುರಿಮರಿಗಳನ್ನು ಬಲೆಯೊಳಗೆ ಕೂಡಿ, ನಾಯಿಗಳನ್ನು ಬಿಟ್ಟಿರಬೇಕು. ಬೆಳೆಯ ನಡುವೆ ಗುರುಗುಟ್ಟುವುದೂ, ದಂಟು ಮುರಿಯುವುದೂ ಕೇಳಿದರೆ ಕಾಡುಹಂದಿ ಎಂದು ತಿಳಿಯಬೇಕು. ಹತ್ತಿರ ಹೋಗದೆ, ದೂರದಿಂದಲೇ ತಗಡು ಬಡಿದು ಓಡಿಸುವುದು ಲೇಸು. ಹಂದಿಗೆಂದು ಬೇಲಿಗೆ ವಿದ್ಯುತ್ ಹರಿಸುವುದು ಅಪರಾಧ; ಆ ತಂತಿಗೆ ಹಂದಿಯೂ ಒಂದೇ, ನೀರು ತಿರುವಲು ಬಂದ ಪಕ್ಕದ ಹೊಲದವನೂ ಒಂದೇ.

ಎಲ್ಲಕ್ಕಿಂತ ಹೆಚ್ಚು ಹೆದರಿಸುವುದು ಕಣಜ ಗೂಗೆ. ಇದು ಬೇರೆ ಗೂಗೆಗಳಂತೆ ಗುಮ್ಮೆನ್ನುವುದಿಲ್ಲ. ಹರಿದ ಬಟ್ಟೆಯಂತೆ ಕರ್ಕಶವಾಗಿ ಚೀರುತ್ತದೆ. ಬಿಳಿಯ ಮೈ, ಸದ್ದಿಲ್ಲದ ರೆಕ್ಕೆ, ಮೇಲೆ ಈ ಚೀರು. ದೆವ್ವವೆಂದು ಜನ ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಇಲಿ ಹಿಡಿಯುವುದರಲ್ಲಿ ಇದಕ್ಕೆ ಸಮನಾದುದು ವಿರಳ. ಇದರ ಒಂದು ಕಿವಿ ಮೇಲಕ್ಕೆ, ಇನ್ನೊಂದು ಕೆಳಕ್ಕೆ ಇರುವುದರಿಂದ ಇಲಿಯ ಸರಪರ ಯಾವ ಕಡೆಯಿಂದ, ಎಷ್ಟು ಕೆಳಗಿನಿಂದ ಬರುತ್ತಿದೆಯೆಂಬುದು ಅದಕ್ಕೆ ತಿಳಿಯುತ್ತದೆ. ಪೂರ್ಣ ಕತ್ತಲಲ್ಲಿ ಕಿವಿಯೊಂದರಿಂದಲೇ ಇದು ಇಲಿ ಹಿಡಿಯಬಲ್ಲದೆಂಬುದನ್ನು ಅಮೆರಿಕದ ರೋಜರ್ ಪೇನ್ 1971ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತೋರಿಸಿದರು. ಇಲಿಯ ಕಾಟಕ್ಕೆ ವಿಷದ ತಿಂಡಿ ತಂದಿಡುವ ರೈತನೇ ಗೂಗೆಗೆ ಕಲ್ಲು ಬೀಸುವುದು ವಿಚಿತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದನ್ನು ಕೊಲ್ಲುವುದು ಅಪರಾಧವೂ ಹೌದು. ಬುಡುಬುಡಿಕೆಯವರು ಶಕುನ ಹೇಳುವ ಹಾಲಕ್ಕಿಯೂ ಒಂದು ಸಣ್ಣ ಗೂಗೆಯೇ. ಹುಳುವನ್ನೂ ಇಲಿಮರಿಯನ್ನೂ ತಿಂದು ಬದುಕುತ್ತದೆ.

ಪಾಳು ಗೋಡೆಯ ಸಂದಿಯಲ್ಲಿ, ಮರದ ಪೊಟರೆಯಲ್ಲಿ ಬುಸುಗುಟ್ಟುವುದು ಕೇಳಿದರೆ ಹಾವೆಂದೇ ಅನೇಕರು ತಿಳಿಯುತ್ತಾರೆ. ಅದು ಹಸಿದ ಗೂಗೆ ಮರಿಗಳ ದನಿಯಾಗಿರಬಹುದು. ಮರಿಗಳ ಬುಸುಗು ಎತ್ತರದಿಂದ, ಗೊರಕೆಯಂತೆ, ಬಹುಹೊತ್ತು ಬರುತ್ತದೆ. ಹಾವಿನದು ನೆಲದಿಂದ ಬರುತ್ತದೆ, ಮನುಷ್ಯ ಹತ್ತಿರವಾದಾಗ ಏಳುತ್ತದೆ. ಹಾಗೆಂದು ಪೊಟರೆಗೆ ಕೈ ಹಾಕಬಾರದು.

ಕೊಳಕುಮಂಡಲದ ಬುಸುಗು ಜೋರು. ಕುಕ್ಕರಿನ ಹಬೆ ಬಿಟ್ಟಂತೆ. ಗದ್ದೆಯ ಬದುವಿನಲ್ಲಿ, ಹುಲ್ಲಿನ ಬಣವೆಯ ಬುಡದಲ್ಲಿ ಇದು ಸಿಗುತ್ತದೆ. ಗರಗಸ ಮಂಡಲ ಗೇಣುದ್ದದ, ಮಣ್ಣುಬಣ್ಣದ ಹಾವು. ಕಲ್ಲು, ಕುರುಚಲು ಇರುವ ಒಣ ಭೂಮಿ ಅದರ ನೆಲೆ. ಅದು ಬಾಯಿಂದಲ್ಲ, ಮೈ ಸುರುಳಿಗಳ ಗರಗಸದಂಥ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಸದ್ದು ಮಾಡುತ್ತದೆ. ಕಾದ ಹಂಚಿನ ಮೇಲೆ ನೀರು ಚಿಮುಕಿಸಿದಂತೆ ಕೇಳುವ ಆ ಸರಸರವನ್ನು ಒಣ ರವದಿಯ ಸದ್ದೆಂದು ಕಡೆಗಣಿಸಿ ಹೆಜ್ಜೆ ಇಟ್ಟವರು ಕಚ್ಚಿಸಿಕೊಳ್ಳುತ್ತಾರೆ. ಇಂಥ ಸದ್ದು ಕಿವಿಗೆ ಬಿದ್ದೊಡನೆ ನಿಂತಲ್ಲೇ ನಿಂತು, ಬ್ಯಾಟರಿ ಬೆಳಕು ಬಿಟ್ಟು ನೋಡಿ, ಬಂದ ದಾರಿಯಲ್ಲೇ ಹಿಂದೆ ಸರಿಯಬೇಕು. ಕಾಲಿಗೆ ಬೂಟು ಇದ್ದರೆ ಉತ್ತಮ.

ಇನ್ನು ಸದ್ದೇ ಮಾಡದೆ ಬರುವುದು ಕಟ್ಟುಹಾವು. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ. ನೋವಾಗಲಿ ಬಾವಾಗಲಿ ಕಾಣದಿರಬಹುದು. ಕಣದಲ್ಲಿ ಮಲಗಿದವನು ನಸುಕಿನಲ್ಲಿ ಹೊಟ್ಟೆನೋವೆಂದರೆ, ರೆಪ್ಪೆ ಜೋತುಬಿದ್ದರೆ, ಅಜೀರ್ಣವೆಂದು ಕಷಾಯ ಕೊಡುತ್ತ ಕೂಡಬಾರದು. ಯಾವ ಹಾವು ಕಚ್ಚಿದರೂ ಕೊಯ್ಯುವುದು, ಹಗ್ಗ ಬಿಗಿಯುವುದು ಬೇಡ; ಕಚ್ಚಿದ ಅಂಗ ಅಲುಗದಂತೆ ಮಾನ್ವಿ ಇಲ್ಲವೆ ರಾಯಚೂರಿನ ಸರಕಾರಿ ಆಸ್ಪತ್ರೆಗೆ ಒಯ್ಯಬೇಕು. ನಾಗರ, ಕಟ್ಟು, ಎರಡು ಮಂಡಲಗಳು, ಈ ನಾಲ್ಕರ ವಿಷಕ್ಕೂ ಒಂದೇ ಚುಚ್ಚುಮದ್ದು ಇದೆ. ರಾಶಿ ಕಾಯಲು ಹೋಗುವಾಗ ಹೊರಸು ಒಯ್ದು, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸುತ್ತಲೂ ಸಿಕ್ಕಿಸಿ ಮಲಗಬೇಕು.